ಭೋಜಣ್ಣನ ಒಂದು ಗೋಲು

ವಾರಕ್ಕೆ ಐದೇ ನಿಮಿಷ ಮಾತಾಡುವ ಮನುಷ್ಯ ಎಷ್ಟು ಹಾನಿ ಮಾಡಬಲ್ಲ ಎಂಬುದು ನನಗೆ ಲೋಕಲ್ ರೈಲಿನಲ್ಲಿ ಗೊತ್ತಾಯಿತು. ಎಂಬತ್ತರ ದಶಕದ ಮೊದಲ ವರ್ಷಗಳು. ಡೊಂಬಿವಲಿಯಲ್ಲಿ ನನ್ನ ಮನೆ. ಶನಿವಾರ ಸಂಜೆ ಮುಂಬಯಿಯ ಟೀವಿಯಲ್ಲಿ ಆಟಗಳ ಬಗ್ಗೆ ಹಿಂದಿಯಲ್ಲಿ ಹರಟುವುದು ನನ್ನ ಕೆಲಸ. ಸ್ವಭಾವತಃ ನಾನು ನಿಧಾನಿ. ಯಾವ ಸಂಗತಿಯನ್ನೂ ಎರಡು ಸಲ ಪರೀಕ್ಷಿಸದೆ ಹೇಳುವವನಲ್ಲ ಎಂಬ ಹೆಮ್ಮೆ ಬೇರೆ.

ಆ ವಾರ ಫುಟ್‌ಬಾಲ್ ಅಭಿಮಾನಿಯ ಬಗ್ಗೆ ಮಾತಾಡಿದೆ. ಇಪ್ಪತ್ತೆರಡು ಜನ ಓಡುತ್ತಾರೆ, ಏದುಸಿರು ಬಿಡುವವನು ಮಾತ್ರ ಅಭಿಮಾನಿ ಎಂದೆ. ಯುದ್ಧದಲ್ಲಿ ಮಡಿದವರಿಗೆ ನಮ್ಮ ಹಿರಿಯರು ವೀರಗಲ್ಲು ನಿಲ್ಲಿಸಿದರು, ಬದಿಯಲ್ಲಿ ನಿಂತು ಗಂಟಲು ಹರಿದುಕೊಂಡವನಿಗೆ ಒಂದು ಹೆಂಚಿನ ಚೂರನ್ನೂ ನೆಡಲಿಲ್ಲ ಎಂದೆ. ಕೊನೆಗೆ, ತಂಡ ಸೋತ ದಿನ ಮೀನು ಮುಟ್ಟದ ಒಬ್ಬ ಕರಾವಳಿಯ ಸದ್ಗೃಹಸ್ಥರನ್ನು ನಾನು ಬಲ್ಲೆ, ತಂಡದ ದಯೆಯಿಂದ ಅವರು ಮಳೆಗಾಲವಿಡೀ ಶುದ್ಧ ಸಸ್ಯಾಹಾರಿ, ಕಳೆದ ಭಾನುವಾರವೂ ಮೂರು ಸೊನ್ನೆ ಎಂದು ಮುಗಿಸಿದೆ. ಕ್ಯಾಮೆರಾದವನು ಬಾಯಿ ಮುಚ್ಚಿಕೊಂಡು ನಕ್ಕ.

ಆ ಸದ್ಗೃಹಸ್ಥ ಭೋಜಣ್ಣ. ಕಲ್ಯಾಣದಲ್ಲಿ ಮನೆ, ದಾದರಿನ ಹೋಟೆಲೊಂದರಲ್ಲಿ ಮ್ಯಾನೇಜರ್. ಹಿಂದೆ ಠಾಣೆಯ ಒಂದು ಬಣ್ಣದ ಕಾರ್ಖಾನೆಯ ಕ್ಯಾಂಟೀನಿನಲ್ಲಿದ್ದರು. ಕೆಲಸ ಬಿಟ್ಟರೂ ಕಾರ್ಖಾನೆಯ ತಂಡವನ್ನು ಬಿಟ್ಟಿರಲಿಲ್ಲ. ಬೆಳಗಿನ ಗಾಡಿಯಲ್ಲಿ ಕಲ್ಯಾಣದಿಂದ ಕುಳಿತು ಬಂದು, ಡೊಂಬಿವಲಿಯಲ್ಲಿ ನಾನು ನುಗ್ಗಿದೊಡನೆ ಮೂವರ ಬೆಂಚನ್ನು ನಾಲ್ವರದ್ದಾಗಿ ಮಾಡುತ್ತಿದ್ದವರು ಅವರೇ. ನಾಲ್ಕನೆಯವನಿಗೆ ಅರ್ಧ ದೇಹಕ್ಕಷ್ಟೇ ಜಾಗ. ಆದರೂ ವರ್ಷಗಳಿಂದ ಆ ಅರ್ಧದಲ್ಲೇ ನಮ್ಮ ಸ್ನೇಹ ಪೂರ್ತಿ ಕುಳಿತಿತ್ತು.

ಸೋಮವಾರ ಭೋಜಣ್ಣ ಸರಿದು ಜಾಗ ಕೊಟ್ಟರು. ಮಾತು ಕೊಡಲಿಲ್ಲ. ಮಂಗಳವಾರವೂ ಅಷ್ಟೇ, ಬುಧವಾರವೂ. ಬೈದಿದ್ದರೆ ಸಹಿಸಬಹುದಿತ್ತು. ಜಾಗ ಕೊಟ್ಟು ಸುಮ್ಮನಿರುವವರ ಪಕ್ಕದಲ್ಲಿ ಕೂರುವುದು ಬಹಳ ಕಷ್ಟ. ಒಬ್ಬ ಮನುಷ್ಯನ ಊಟದ ತಟ್ಟೆಯನ್ನು ಊರೆಲ್ಲ ನೋಡುವಂತೆ ಎತ್ತಿ ಹಿಡಿದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಬೇರೆ ಗಾಡಿ ಹಿಡಿಯುವ ಯೋಚನೆಯನ್ನೂ ಮಾಡಿದೆ.

ಗುರುವಾರ ಗಾಡಿ ಪಾರ್ಸಿಕ್ ಸುರಂಗ ಹೊಕ್ಕಿತು. ಕತ್ತಲಲ್ಲಿ ಅವರ ದನಿ ಬಂತು.

“ಒಂದು ಕೇಳ್ತೇನೆ. ನಮ್ಮ ಗೋಲು ಎಂತಕ್ಕೆ ತಿಂದದ್ದು ನೀವು?”

“ಯಾವ ಗೋಲು?”

“ಮೂರು ಸೊನ್ನೆ ಅಂದ್ರಲ್ಲ ಟೀವಿಯಲ್ಲಿ? ಮೂರು ಒಂದು ಮಾರಾಯ್ರೆ! ನನ್ನ ಬದಿಯಲ್ಲೇ ನಿಂತಿದ್ರಿ. ಈಗ ಹೋಟೆಲಲ್ಲಿ ಹುಡುಗರೆಲ್ಲ, ಭೋಜಣ್ಣ ಆ ಗೋಲು ಕನಸಲ್ಲಿ ಕಂಡದ್ದು ಅಂತ ನೆಗಾಡ್ತಾರೆ.”

“ಮೀನಿನ ವಿಷಯಕ್ಕೆ ಬೇಜಾರಾಯ್ತೋ ಅಂತ—”

“ಮೀನಿಂದು ಬಿಡಿ, ಅದು ಸತ್ಯವೇ. ನನ್ನ ಹೆಂಡತಿಯೂ ನಕ್ಕಳು. ನಮ್ಮ ಗೋಲು ವಾಪಸ್ ಕೊಡಿ.”

ಆ ಮಳೆಗಾಲದಲ್ಲಿ ಅವರ ತಂಡಕ್ಕೆ ದಕ್ಕಿದ್ದು ಅದೊಂದೇ ಗೋಲು. ನನ್ನ ಕಾಗದದಲ್ಲಿ ಸರಿಯಾಗಿಯೇ ಬರೆದಿತ್ತು. ಕ್ಯಾಮೆರಾ ಎದುರು ಮಾತ್ರ, ಒಂದಕ್ಕಿಂತ ಸೊನ್ನೆಗೆ ಹೆಚ್ಚು ನಗು ಬಂದೀತು ಅನ್ನಿಸಿತ್ತು.

ಶನಿವಾರ ನಿರ್ಮಾಪಕರ ಮುಂದೆ ತಿದ್ದುಪಡಿಯ ಮಾತೆತ್ತಿದೆ. “ಕೌನ್ ಯಾದ್ ರಖ್ತಾ ಹೈ ಯಾರ್?” ಎಂದರು. ಒಬ್ಬರು ನೆನಪಿಟ್ಟಿದ್ದಾರೆ ಎಂದೆ. ದೇಶದ ದೊಡ್ಡ ದೊಡ್ಡ ಪಂದ್ಯಗಳ ನಡುವೆ, ಠಾಣೆಯ ಒಂದು ಕೆಸರುಗದ್ದೆಯ ಆಟದ ಫಲಿತಾಂಶ ಮೂರು ಒಂದು ಎಂದು ಗಂಭೀರವಾಗಿ ಓದಿ ಕ್ಷಮೆ ಕೇಳಿದೆ.

ಸೋಮವಾರ ಭೋಜಣ್ಣ ಬಾಗಿಲ ಬಳಿ ನನ್ನನ್ನು ಕಂಡ ಕೂಡಲೇ ಬೆಂಚಿನವರಿಗೆ, “ಜರಾ ಸರ್ಕಾ, ಆಮ್ಚಾ ಟೀವಿವಾಲಾ ಆಲಾ!” ಎಂದು ಮರಾಠಿಯಲ್ಲಿ ಕೂಗಿ ಎಲ್ಲರನ್ನೂ ಸರಿಸಿದರು. ವಾರದಿಂದ ಎದೆಯಲ್ಲಿದ್ದ ಕಲ್ಲು ಇಳಿಯಿತು. ಆದರೆ ಕಿಟಕಿಯ ಬಳಿ ಧಾರವಾಡದ ದೇಸಾಯರು ಕುಳಿತಿದ್ದರು.

“ಭೋಜಣ್ಣ, ಅದು ನಿಮ್ಮಾವ್ರು ಹೊಡದ ಗೋಲ ಅಲ್ಲಂತಲ್ರೀ? ನೋಡಾಕ ಹೋಗಿದ್ದ ನಮ್ಮ ಅಳಿಯಾ ಹೇಳಿದಾ. ಎದುರಿನಾವ್ರದ ಒಬ್ಬಾಂವನ ಮೊಣಕಾಲಿಗೆ ಬಡದು ತಾನ ಒಳಗ ಹೋತಂತ. ಸಾಹೇಬ್ರ, ನೀವ ಇದ್ರಲ್ಲಾ ಅಲ್ಲೆ? ಖರೇ ಹೇಳ್ರಿ.”

ಬೆಂಚಿನವರೆಲ್ಲ ನನ್ನ ಕಡೆ ತಿರುಗಿದರು. ಭೋಜಣ್ಣ ಮಾತ್ರ ತಲೆಯ ಮೇಲಿನ ಫ್ಯಾನನ್ನೇ ನೋಡುತ್ತಿದ್ದರು. ನಾನು ಕಂಡದ್ದು ಹೀಗೆ: ಎದುರು ತಂಡದವನ ಎಡ ಮೊಣಕಾಲು. ನಮ್ಮವನು ಹತ್ತು ಮಾರು ದೂರ, ಬಿಚ್ಚಿದ ಬೂಟಿನ ದಾರ ಕಟ್ಟುತ್ತಿದ್ದ. ಮಳೆ ನಿಂತಿತ್ತು, ಬಿಸಿಲೂ ಬಿದ್ದಿತ್ತು.

“ಮಳೆ ಜೋರಿತ್ತು ದೇಸಾಯರೇ,” ಎಂದೆ. “ನನಗೆ ಕಂಡದ್ದು ನಮ್ಮವನ ಕಾಲೇ.”

ಭೋಜಣ್ಣ ಉದ್ದಕ್ಕೆ ಉಸಿರು ಬಿಟ್ಟರು. “ಭಯಂಕರ ಮಳೆ ಮಾರಾಯ್ರೆ,” ಎಂದರು, “ಎದುರು ನಿಂತವರ ಮುಖ ಕಾಣ್ತಿರ್ಲಿಲ್ಲ.”

ಗಾಡಿ ಠಾಣೆ ತಲುಪುವಷ್ಟರಲ್ಲಿ ನಾವಿಬ್ಬರೂ ಆ ಮಳೆಯಲ್ಲಿ ಪೂರ್ತಿ ತೊಯ್ದಿದ್ದೆವು.