ನಾನೇ ಓದಬೇಕಾದ ಚೀಟಿ

ಇಲಕಲ್ಲಿನ ನನ್ನ ದವಾಖಾನೆಯಲ್ಲಿ ಫೈಲು ಗೀಲು ಎಂಬ ರಗಳೆ ಇರಲಿಲ್ಲ. ರೋಗ, ಔಷಧ, ಸಲಹೆ ಎಲ್ಲವನ್ನೂ ಒಂದು ಚೀಟಿಯಲ್ಲಿ ಗೀಚಿ ರೋಗಿಯ ಕೈಗೇ ಕೊಡುತ್ತಿದ್ದೆ. ಅವರು ಅದನ್ನು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಮುಂದಿನ ಸಲ ತರುತ್ತಿದ್ದರು. ನನ್ನ ಅಕ್ಷರವನ್ನು ನಾನು ಮತ್ತು ಪಕ್ಕದ ಔಷಧದಂಗಡಿಯವನು ಬಿಟ್ಟರೆ ದೇವರೂ ಓದಲಾರ.

ಹೀಗಿರುವಾಗ ನೇಕಾರ ಹೆಂಗಸೊಬ್ಬಳು ಬಾಗಲಕೋಟೆಯ ಗ್ರಾಹಕರ ಕೋರ್ಟಿನಲ್ಲಿ ನನ್ನ ಮೇಲೆ ದೂರು ಹಾಕಿದಳು. ಕತ್ತರಿ ತಗುಲಿ ತೋರುಬೆರಳು ಕೊಯ್ದುಕೊಂಡು ಬಂದವಳಿಗೆ ಹೊಲಿಗೆ ಹಾಕಿ ಕಳಿಸಿದ್ದೆ. ಗಾಯ ಮಾಯಿತು, ಬೆರಳು ಮಡಚಲಿಲ್ಲ. ಬೆರಳು ಮಡಚಿಸುವ ಒಳಗಿನ ಹುರಿ ತುಂಡಾಗಿದ್ದನ್ನು ನಾನು ನೋಡಲೇ ಇಲ್ಲ ಎಂಬುದು ಅವಳ ಆರೋಪ. ಎಳೆಗೆ ಎಳೆ ಗಂಟು ಹಾಕುವ ಬೆರಳು ಅದು. ಅದಿಲ್ಲದೆ ಸೀರೆ ನೇಯುವುದು ಹೇಗೆ?

ನನಗೆ ಸಿಟ್ಟು ನೆತ್ತಿಗೇರಿತು. ಬಾಗಲಕೋಟೆಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸೆಂದು ಚೀಟಿಯಲ್ಲೇ ಬರೆದಿದ್ದೆ ಎಂದು ಹುನಗುಂದದ ಮದುವೆ ಊಟದಲ್ಲಿ, ಗುಡೂರಿನ ಚಹಾದಂಗಡಿಯಲ್ಲಿ, ಕೇಳಿದವರಿಗೂ ಕೇಳದವರಿಗೂ ಹೇಳುತ್ತ ತಿರುಗಿದೆ. "ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡಂಗ ಆತು ನಿಮ್ಮದು" ಎಂದ ಹೆಂಡತಿಯ ಮೇಲೂ ಹಾರಾಡಿದೆ. ಹೇಳಿ ಹೇಳಿ ಅದು ನನಗೇ ನಿಜವೆನಿಸಿಬಿಟ್ಟಿತ್ತು.

ವಿಚಾರಣೆಯ ದಿನ ಪುರಾವೆ ಕೇಳಿದರು. ನನ್ನ ಪುರಾವೆ ಅವಳ ಚೀಲದಲ್ಲಿತ್ತು. ಅವಳು ಚೀಟಿ ತೆಗೆದುಕೊಟ್ಟಳು. ನ್ಯಾಯಪೀಠದ ಸಾಹೇಬರು ಕನ್ನಡಕ ಒರೆಸಿ, ಹಾಳೆ ತಲೆಕೆಳಗು ಮಾಡಿ, ಸೋತು ನನಗೇ ದಾಟಿಸಿದರು.

"ನೀವೇ ಓದ್ರಿ ಡಾಕ್ಟರ್."

ನನ್ನ ವಕೀಲ ಕಿವಿಯಲ್ಲಿ ಉಸುರಿದ: "ಬಾಗಲಕೋಟಿಗೆ ಹೋಗಂತ ಬರದೈತಿ ಅನ್ರಿ. ಯಾರಿಗೆ ತಿಳೀತೈತಿ?"

ನೋವಿನ ಗುಳಿಗೆ, ಐದು ದಿನ. ಹೊಲಿಗೆ ಬಿಚ್ಚಲು ಹತ್ತನೇ ದಿನ ಬರಬೇಕು. ಚೀಟಿಯಲ್ಲಿದ್ದದ್ದು ಇಷ್ಟೇ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನನಗೆ ನಾಚಿಕೆಯಾಯಿತು. ಇದ್ದದ್ದನ್ನು ಇದ್ದ ಹಾಗೆ ಓದಿ, ಬೆರಳು ಮಡಚಿಸಿ ನೋಡಲಿಲ್ಲ, ತಪ್ಪು ನನ್ನದೇ ಎಂದೆ. ವಕೀಲ ಹಣೆ ಬಡಿದುಕೊಂಡ.

ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದವಳ ಹತ್ತಿರ ಹೋದೆ. ಭೇಷ್ ಡಾಕ್ಟರ್ ಅಂದಾಳು ಎಂಬ ಆಸೆ ಒಳಗೆಲ್ಲೋ ಇತ್ತು.

"ಹೊಲಿಗಿ ಬಿಚ್ಚಿದ ದಿನಾನೇ ಕೇಳಿದ್ನಲ್ರಿ, ಬೆರಳು ಯಾಕ ಮಡಚವಲ್ದು ಅಂತ," ಅಂದಳು. "ನಿಮ್ಮ ತಪ್ಪು ಅವತ್ತ ಒಪ್ಕೊಂಡು ಬಾಗಲಕೋಟಿಗೆ ಕಳಿಸಿದ್ರ ಬೆರಳು ಉಳೀತಿತ್ತು."