ಬೆನ್ನುಡಿಯಿಲ್ಲದ ಪುಸ್ತಕಗಳು

ಮಿರ್ಜಾನದ ಆಚೆ, ಅಘನಾಶಿನಿ ದಂಡೆಯ ಊರೊಂದರಲ್ಲಿ ಪಂಚಾಯತಿ ಗ್ರಂಥಾಲಯ ನೋಡಿಕೊಳ್ಳುವ ಮಾಬ್ಲೇಶ್ವರ ನಾಯ್ಕರಿಗೆ ಒಂದು ಹೆಮ್ಮೆಯಿತ್ತು. ಬಾಗಿಲಲ್ಲಿ ನಿಂತವರ ಮುಖ ನೋಡಿದರೆ ಸಾಕು, ಅವರಿಗೆ ಯಾವ ಪುಸ್ತಕ ಒಗ್ಗುತ್ತದೆಂದು ಹೇಳಿಬಿಡುತ್ತಿದ್ದರು. ಸೊಸೆಯೊಡನೆ ಜಗಳವಾಡಿ ಬಂದವರಿಗೆ ಸಾಂಸಾರಿಕ ಕಾದಂಬರಿ, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದವರಿಗೆ ಸಾಧಕರ ಚರಿತ್ರೆ, ಮೊಣಕಾಲು ನೋವಿನವರಿಗೆ ಯೋಗ. "ಇದೊಂದು ಓದಿ ನೋಡಿ, ಆಮೇಲೆ ನನ್ನ ಕೇಳಿ" ಎಂದು ಎಳೆದು ಕೊಡುವ ಗತ್ತು ನೋಡಿದರೆ ಇಡೀ ಕಪಾಟನ್ನೇ ಅರೆದು ಕುಡಿದವರು ಎನ್ನಬೇಕು. ಅಸಲಿಗೆ ನಾಯ್ಕರು ಓದುತ್ತಿದ್ದದ್ದು ದಿನಪತ್ರಿಕೆ ಮತ್ತು ಪುಸ್ತಕಗಳ ಬೆನ್ನುಡಿ, ಅಷ್ಟೇ. ಇಪ್ಪತ್ತೊಂದು ವರ್ಷದಲ್ಲಿ ಒಬ್ಬರೂ ಅವರನ್ನು ಹಿಡಿದಿರಲಿಲ್ಲ.

ಹಿಡಿದದ್ದು ಸುಚಿತಾ. ಹೊಳೆಯಲ್ಲಿ ಬಳಚು ಎಂಬ ಚಿಪ್ಪಿಮೀನು ಹೆಕ್ಕಿ ಮನೆಮನೆಗೆ ಮಾರುವ ಗಂಗೆಯ ಮಗಳು, ಮೂರನೇ ಇಯತ್ತೆ. ಅಕ್ಷರದ ಮೇಲೆ ಬೆರಳಿಡದೆ ಓದುವುದು ಅವಳಿಗೆ ಈ ಮಳೆಗಾಲ ಮುಗಿಯುವ ಹೊತ್ತಿಗಷ್ಟೇ ಕೈಹತ್ತಿತ್ತು. ಒಂದು ಶನಿವಾರ ಶಾಲೆ ಬಿಟ್ಟವಳು ನೇರ ಬಂದು, ಕಪಾಟಿನ ಕೆಳಗಿನ ಸಾಲಿನಿಂದ ತಾನೇ ಒಂದು ತೆಳು ಪುಸ್ತಕ ತೆಗೆದು, ಬೆಂಚಿನ ಮೇಲೆ ಕಾಲಾಡಿಸುತ್ತ ಓದಿ, ಒಬ್ಬಳೇ ಕಿಸಕ್ಕನೆ ನಕ್ಕಳು. ಮುಗಿಸಿ ಎದ್ದು ಬಂದು, "ಸರ್, ಇನ್ನು ಯಾವ್ದು ಓದ್ಲಿ?" ಎಂದಳು.

ನಾಯ್ಕರ ಎದೆ ಉಬ್ಬಿತು. ಮಕ್ಕಳು ಅಲ್ಲಿಗೆ ಬರುತ್ತಿದ್ದದ್ದು ಚಿತ್ರ ಬಿಡಿಸುವ ಸ್ಪರ್ಧೆಗೆ, ಇಲ್ಲವೇ ಫ್ಯಾನಿನ ಗಾಳಿಗೆ. ಓದಿನ ರುಚಿ ಹತ್ತಿ ಮುಂದಿನದು ಯಾವುದೆಂದು ಕೇಳಿದ ಮಗು ಇದೇ ಮೊದಲು. ಏನೇ ಆಗಲಿ, ಇವಳ ಓದು ನಿಲ್ಲಬಾರದೆಂದು ಅವರು ಅಲ್ಲೇ ನಿಶ್ಚಯಿಸಿದರು.

ತೊಂದರೆಯೆಂದರೆ ಮಕ್ಕಳ ಪುಸ್ತಕಕ್ಕೆ ಬೆನ್ನುಡಿ ಇರುವುದಿಲ್ಲ. ಹಿಂದೆ ತಿರುಗಿಸಿದರೆ ಬೆಲೆ, ಹೆಚ್ಚೆಂದರೆ ಒಂದು ಗಿಳಿಯ ಚಿತ್ರ. ನಾಯ್ಕರು ದಪ್ಪ ನೋಡಿ ಒಂದು ಕೊಟ್ಟರು. "ಬರೀ ಬುದ್ಧಿ ಹೇಳ್ತದೆ" ಎಂಬ ದೂರಿನೊಂದಿಗೆ ಸೋಮವಾರ ಅದು ವಾಪಸು ಬಂತು. ಹೊಳೆದಂಡೆಯ ಹುಡುಗಿ, ದೋಣಿ ಇಷ್ಟವಾದೀತೆಂದು ಮುಖಪುಟದಲ್ಲಿ ದೋಣಿಯಿದ್ದ ಇನ್ನೊಂದನ್ನು ಕೊಟ್ಟರು. ಮಂಗಳವಾರ ಅದೂ ಬಂತು.

"ಎಂತಾತು ತಂಗಿ? ಭಾರೀ ಚಲೋ ಪುಸ್ತಕ ಅದು."

"ದೋಣಿ ಬರೀ ರಟ್ಟಿನ ಮೇಲೆ ಅದೆ. ಒಳಗೆ ಇಲ್ಲ." ಸುಚಿತಾ ಅವರ ಮುಖವನ್ನೇ ನೋಡಿದಳು. "ನೀವು ಓದಿದ್ರಾ ಸರ್?"

"ಓದದೇ ಕೊಡ್ತ್ನಾ?"

"ಹಂಗಾದ್ರೆ ಅದ್ರಲ್ಲಿ ಆ ಅಜ್ಜ ಪೆಟ್ಟಿಗೆಲಿ ಎಂತ ಇಟ್ಟಿದ್ದ?"

ನಾಯ್ಕರು ಕೆಮ್ಮಿದರು. ರಿಂಗಾಗದ ಫೋನನ್ನು ಎತ್ತಿ "ಹಲೋ" ಎಂದರು. ಹುಡುಗಿ ಪುಸ್ತಕವನ್ನು ಮೇಜಿನ ಮೇಲಿಟ್ಟು ಹೋದಳು. ಬುಧವಾರ ಬರಲಿಲ್ಲ, ಗುರುವಾರವೂ ಇಲ್ಲ.

ಶುಕ್ರವಾರ ಬಳಚು ಮಾರುತ್ತ ಬಂದ ಗಂಗೆಯನ್ನು ವಿಚಾರಿಸಿದರೆ, "ಪುಸ್ತಕ ಸಾಕು ಅಂತದೆ ಮಾಬ್ಲಣ್ಣ. ಮೊಬೈಲ್ ಹಿಡ್ಕಂಡು ಕೂತದೆ" ಎಂದಳು. ನಾಯ್ಕರಿಗೆ ಕೆನ್ನೆಗೆ ಹೊಡೆದಂತಾಯಿತು. ಹತ್ತಿದ ರುಚಿಯನ್ನು ಕೆಡಿಸಿದವರು ತಾವೇ. ಮೇಲಿಂದ ಒಂದು ಮಗುವಿಗೆ ಸುಳ್ಳು ಬೇರೆ ಹೇಳಿದ್ದರು. ನಾಚಿಕೆಯಾಯಿತು, ಬಹಳವೇ ಆಯಿತು. "ನಾಳೆ ಒಂದ್ಸಲ ಕಳ್ಸು ಮಾರಾಯ್ತಿ" ಎಂದು ಬೇಡಿಕೊಂಡರು.

ಆ ಸಂಜೆ ಹನ್ನೊಂದು ಮಕ್ಕಳ ಪುಸ್ತಕಗಳು ಚೀಲದಲ್ಲಿ ಅವರ ಮನೆಗೆ ಹೋದವು. "ಎಂತ, ಮತ್ತೆ ಮೂರನೇ ಇಯತ್ತೆಗೆ ಹೆಸರು ಹಚ್ಚಿದ್ರಾ?" ಎಂದಳು ಹೆಂಡತಿ ಮಾದೇವಿ. ಮೊದಲ ಮೂರರಲ್ಲಿ ನಾಯ್ಕರಿಗೇ ಆಕಳಿಕೆ ಬಂತು. ಸುಚಿತಾ ಎಷ್ಟು ತಾಳ್ಮೆಯ ಹುಡುಗಿ ಎಂದು ಆಗ ತಿಳಿಯಿತು. ನಾಲ್ಕನೆಯದರಲ್ಲಿ ಮೊಲವೊಂದು ಭಾಷಣಕ್ಕೆ ನಿಂತದ್ದೇ ಅದನ್ನೂ ಬದಿಗಿಟ್ಟರು. ಮರುದಿನ ಗ್ರಂಥಾಲಯದಲ್ಲಿ ಏಳನೆಯದನ್ನು ತೆರೆದರು. ಪೇಟೆಗೆ ಹೋಗುವ ಬಸ್ಸು ಹತ್ತಿದ ಒಂದು ಆಡಿನ ಕತೆ. ಟಿಕೆಟು ಕೇಳಲು ಬಂದ ಕಂಡಕ್ಟರನ ಟಿಕೆಟ್ ಕಟ್ಟನ್ನೇ ಆಡು ತಿಂದುಬಿಟ್ಟಿತು. ನಾಯ್ಕರು ಹೊಟ್ಟೆ ಹಿಡಿದು ನಗುತ್ತಿದ್ದಾಗ ಸುಚಿತಾ ಬಾಗಿಲಿಗೆ ಬಂದು ನಿಂತಳು. ಒಳಗೆ ಬರಲಿಲ್ಲ.

"ಎಂತ ಅದೆ ಅದ್ರಲ್ಲಿ?"

ನಾಯ್ಕರು ಹೇಳತೊಡಗಿದರು. ಆಡಾದರು, ಕಂಡಕ್ಟರಾದರು, ಎದ್ದು ನಿಂತು ಸೀಟಿ ಊದಿದರು. ಪತ್ರಿಕೆ ಓದುತ್ತಿದ್ದ ಇಬ್ಬರು ತಲೆಯೆತ್ತಿ ನೋಡಿದರು.

"ಆಮೇಲೆ?"

"ಆಮೇಲೆ ಗೊತ್ತಿಲ್ಲ ತಂಗಿ. ನಾ ಅರ್ಧ ಓದಿದ್ದು ಅಷ್ಟೇ." ನಾಯ್ಕರು ಕೂತರು. "ಆ ದೋಣಿದು ನಾ ಓದಿರ್ಲಿಲ್ಲ. ಸುಳ್ಳು ಹೇಳ್ದೆ."

ಸುಚಿತಾ ಚಪ್ಪಲಿ ಬಿಟ್ಟು ಒಳಗೆ ಬಂದು ಕೈಚಾಚಿದಳು. ಆಡಿನ ಗತಿ ಏನಾಯಿತೆಂದು ತಿಳಿಯದೆ ಪುಸ್ತಕ ಬಿಡಲು ನಾಯ್ಕರಿಗೆ ಮನಸ್ಸಿಲ್ಲ. ಆದರೂ ಕೊಟ್ಟರು. ಅವಳು ನಿಂತಲ್ಲೇ ಎರಡು ಪುಟ ಓದಿ ಮುಗಿಸಿ, ವಹಿಯಲ್ಲಿ ಹೆಸರು ಬರೆದು, ಬಾಗಿಲು ದಾಟುವಾಗ ತಿರುಗಿದಳು.

"ಸೋಮವಾರ ಬತ್ತೆ ಸರ್. ಅಷ್ಟ್ರಲ್ಲಿ ಮತ್ತೊಂದು ಓದಿ ಇಡಿ. ಪೂರ್ತಿ ಓದಿ."