ಥೂ ಅಜ್ಜಿಯ ಮೂಲಂಗಿ

ಶಾಲೆಯ ಹಿಂದಿನ ಬೀದಿಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ ಇಟ್ಟುಕೊಂಡಿದ್ದ ಮುದುಕಿಗೆ ಥೂ ಅಜ್ಜಿ ಅಂತ ಹೆಸರು ಬಿದ್ದು ಎಷ್ಟೋ ಕಾಲವಾಗಿತ್ತು. ಯಾರೇ ಬಟ್ಟೆ ತಂದು ಮೇಜಿನ ಮೇಲಿಡಲಿ, ಮೊದಲು ಕಾಲರ್ ತಿರುವಿ ನೋಡುವಳು, ಆಮೇಲೆ ಕಂಕುಳು ನೋಡುವಳು, ಆಮೇಲೆ ಒಂದು "ಥೂ". ಅದು ಬೈಗುಳವಲ್ಲ. ಬೇರೆಯವರು ಹೂಂ ಅನ್ನುವ ಕಡೆ ಆಕೆ ಥೂ ಅನ್ನುವಳು, ಅಷ್ಟೇ.

"ಇಷ್ಟು ವರ್ಷ ಕಂಡವರ ಕೊಳೆ ತೊಳೆದಿದ್ದೀರಾ, ಇನ್ನೂ ಹೇಸಿಗೆ ಹೋಗಿಲ್ವಾ?" ಅಂತ ಗಿರಾಕಿಯೊಬ್ಬ ಕೇಳಿದ್ದ.

"ಹೋಗೋದಾದ್ರೂ ಹೇಗಪ್ಪ? ಒಬ್ಬೊಬ್ರೂ ಒಂದೊಂದು ಥರದ್ದು ತಂದು ಹಾಕ್ತೀರಲ್ಲ" ಅಂದಿದ್ದಳು.

ಅಂಗಡಿಯ ಹಿಂದೆಯೇ ಒಂದು ಕೋಣೆಯ ಮನೆ. ಮಗಳು ದೂರದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಳು, ರಜೆ ಸಿಕ್ಕಾಗ ಬರುವಳು. ಮೂರನೇ ಕ್ಲಾಸಿನ ಮೊಮ್ಮಗಳು ಅಜ್ಜಿಯ ಹತ್ತಿರವೇ ಬೆಳೆಯುತ್ತಿದ್ದಳು. ಮಾತಿನ ಮಲ್ಲಿ. ಶಾಲೆಯಿಂದ ಬಂದು ಸ್ಟೂಲ್ ಹತ್ತಿ ಕೂತಳೆಂದರೆ, ಯಾರ ಹಲ್ಲು ಬಿತ್ತು, ಯಾರು ಯಾರ ಜೊತೆ ಟೂ ಬಿಟ್ಟರು, ಎಲ್ಲ ವರದಿಯೂ ಇಸ್ತ್ರಿ ಪೆಟ್ಟಿಗೆಯ ಬುಸ್ ಬುಸ್ ಜೊತೆಗೇ ಆಗಬೇಕು. ಅಜ್ಜಿ ತಲೆ ಎತ್ತದೆ ಕೇಳುವಳು. ದಿನದಲ್ಲಿ ಆಕೆಗೆ ಹೇಸಿಗೆಯಾಗದ ಹೊತ್ತು ಅದೊಂದೇ.

ಒಂದು ಸಂಜೆ ಆ ಹುಡುಗಿ, "ಅಜ್ಜೀ, ಶಾಲೇಲಿ ತರಕಾರಿ ತೋಟ ಮಾಡ್ತಾರೆ. ಮನೆಗೊಬ್ರು ದೊಡ್ಡೋರು ಬಂದು ಕೈ ಜೋಡಿಸ್ಬೇಕಂತೆ. ನೀನು ಬರ್ತೀಯ ಅಂತ ಹೇಳಿ ಬಂದೆ" ಅಂದಳು.

"ಯಾರನ್ನ ಕೇಳಿ ಹೇಳ್ದೆ?"

"ನಿನ್ನ ಕೇಳಿದ್ರೆ ಥೂ ಅಂತಿದ್ದೆ."

ಮಾತು ನಿಜವೇ. ಅಜ್ಜಿ ಹೋದಳು.

ಶಾಲೆಯ ಹಿತ್ತಲಲ್ಲಿ, ಮುರಿದ ಬೆಂಚುಗಳನ್ನು ಎಸೆದಿದ್ದ ಜಾಗ ಅದು. ಅದನ್ನು ಅಗೆದು ಹಸನು ಮಾಡಿದವನು ರಿಟೈರ್ ಆದ ಬಸ್ ಡ್ರೈವರ್. ಮಕ್ಕಳಿಗೆಲ್ಲ ಡ್ರೈವರ್ ತಾತ. ಜೊತೆಗೆ ನಾಲ್ಕಾರು ಅಮ್ಮಂದಿರು. ಮೂಲೆಯಲ್ಲಿ ಒಂದು ಗೊಬ್ಬರದ ಗುಂಡಿ. ಡ್ರೈವರ್ ಅದರ ಮೇಲೆ ಮುಚ್ಚಿದ್ದ ತಗಡು ಸರಿಸಿದ ತಕ್ಷಣ ಎದ್ದ ವಾಸನೆಗೆ ಅಜ್ಜಿ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದಳು. ಕೊಳೆತ ಬಾಳೆಹಣ್ಣು, ಹಳಸಿದ ಅನ್ನ, ಮೀನಿನ ತಲೆ, ಮೇಲೆ ಎರಡು ಬುಟ್ಟಿ ಕುದುರೆ ಲದ್ದಿ. ಎಲ್ಲವೂ ಸೇರಿ ಕಪ್ಪಗೆ, ಬೆಚ್ಚಗೆ, ಒಳಗೊಳಗೇ ಮಿಸುಕಾಡುತ್ತಿತ್ತು. ಪೈಜಾಮದ ಲಾಡಿಯಷ್ಟು ದಪ್ಪದ ಎರೆಹುಳವೊಂದು ತಲೆ ಎತ್ತಿ ನೋಡಿತು. ಅದಕ್ಕೆ ತಲೆ ಯಾವುದು, ಬಾಲ ಯಾವುದು? ಅದನ್ನು ಯೋಚಿಸಿಯೇ ಆಕೆಯ ಮೈ ಜುಮ್ಮೆಂದಿತು.

ಡ್ರೈವರ್ ಮೊಣಕೈವರೆಗೂ ಕೈ ಹಾಕಿ ಹಿಟ್ಟು ನಾದುವ ಹಾಗೆ ನಾದಿದ. "ಬಂಗಾರ ಕಣಕ್ಕಾ ಇದು, ಬಂಗಾರ!"

"ಹೌದಾ? ಹಾಗಾದ್ರೆ ಕೊರಳಿಗೆ ಹಾಕ್ಕೊಳ್ಳಪ್ಪ" ಅಂದಳು ಅಜ್ಜಿ, ಮೂಗಿಗೆ ಬಟ್ಟೆ ಒತ್ತಿಕೊಂಡು.

ಆತ ಹೊಟ್ಟೆ ಹಿಡಿದು ನಕ್ಕ. ಟೀ ಬಂದಾಗ ಆ ಕೈಯನ್ನು ಪ್ಯಾಂಟಿಗೆ ಒರೆಸಿ, ಬಿಸ್ಕತ್ತು ಮುರಿದು, ಅರ್ಧ ಆಕೆಗೆ ಕೊಟ್ಟ. ಉಗುರಿನ ಸಂದಿಯಲ್ಲಿ ಗುಂಡಿಯೇ ಕೂತಿತ್ತು. ಬೇಡ ಅನ್ನಲು ದಾಕ್ಷಿಣ್ಯ, ತಿನ್ನಲು ವಾಕರಿಕೆ. ಆತ ಆ ಕಡೆ ತಿರುಗಿದ್ದೇ ತಡ ಕಾಂಪೌಂಡಿನಾಚೆ ಎಸೆದಳು. ಅದನ್ನು ಮೂಸಿ ನೋಡಿದ ನಾಯಿಯನ್ನೂ ಕಂಡು ಥೂ ಅಂದಳು.

ಆದರೂ ಮೊಮ್ಮಗಳ ಮುಖ ನೋಡಿ ಪ್ರತಿ ಶನಿವಾರ ಹೋದಳು. ಗುಂಡಿಯ ಹತ್ತಿರ ಸುಳಿಯಲಿಲ್ಲ, ನೀರು ಹೊತ್ತಳು. ಮಕ್ಕಳಿಗೆಲ್ಲ ಒಂದೊಂದು ಸಾಲು ಮೂಲಂಗಿ. ಬೇಗ ಬರುವ ಬೆಳೆ ಅಂತ ಅದನ್ನೇ ಬಿತ್ತಿದ್ದರು. ಮೊಮ್ಮಗಳು ತನ್ನ ಸಾಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಎಲೆಗಳಿಗೂ ಶಾಲೆಯ ಸುದ್ದಿ ಹೇಳುವಳು.

ಎಡವಟ್ಟಾದದ್ದು ಅಜ್ಜಿಯ ಬಾಯಿಂದ. ಮಕ್ಕಳು ಸುತ್ತ ನೆರೆದು, "ಅಜ್ಜೀ, ಆ ಗುಂಡೀಲಿ ಏನೇನಿದೆ?" ಅಂತ ಕೇಳಿದವು. ಕೇಳುವ ಕಿವಿ ಸಿಕ್ಕರೆ ಆಕೆಯ ನಾಲಿಗೆಗೆ ಕಡಿವಾಣವಿಲ್ಲ. ಮೀನಿನ ತಲೆಯಿಂದ ಶುರು ಮಾಡಿ ಲದ್ದಿಯವರೆಗೆ ಬಣ್ಣ ಬಣ್ಣವಾಗಿ ಹೇಳಿದಳು. "ಆ ರಸಾನೆಲ್ಲ ಮೂಲಂಗಿ ಹೀರುತ್ತೆ. ಹೀರಿ ಹೀರಿ ಹೊಟ್ಟೆ ಊದಿಸ್ಕೊಳ್ಳುತ್ತೆ. ಆ ಹೊಟ್ಟೇನೇ ನೀವು ಕಚ್ಚಿ ತಿನ್ನೋದು. ಥೂ!" ಮಕ್ಕಳು ಖುಷಿಯಿಂದ ಕಿರುಚಿದವು. ಆಕೆಗೂ ಹಿಗ್ಗಾಯಿತು.

ಮೊದಲ ಸಾಲುಗಳನ್ನು ಕಿತ್ತ ದಿನ ಮಧ್ಯಾಹ್ನದ ಊಟಕ್ಕೆ ಮೂಲಂಗಿ ಹೆಚ್ಚಿ ಬಡಿಸಿದರು. ಒಬ್ಬ "ಇದು ಲದ್ದಿ ಕುಡಿದಿದೆ" ಅಂದ. ಇಡೀ ಊಟದ ಕೋಣೆ ಒಂದೇ ದನಿಯಲ್ಲಿ "ಥೂ!" ಅಂದಿತು. ತಟ್ಟೆ ತಟ್ಟೆಯ ಮೂಲಂಗಿಯೂ ಕಸದ ಡಬ್ಬಿಗೆ ಹೋಯಿತು.

ಸಂಜೆ ಹೆಡ್ ಮಿಸ್ ತಮ್ಮ ಬಟ್ಟೆ ಗಂಟು ಹಿಡಿದು ಅಂಗಡಿಗೇ ಬಂದರು. "ಅಮ್ಮಾ, ಯಾರನ್ನ ಕೇಳಿದ್ರೂ ಥೂ ಅಜ್ಜಿ ಹೇಳಿದ್ರು ಅಂತಾರೆ. ಉಳಿದ ಸಾಲು ಶನಿವಾರ ಕೀಳ್ತೀವಿ. ಆಗಲೂ ಮಕ್ಕಳು ತಿನ್ನದಿದ್ರೆ ಅಲ್ಲಿಗೆ ಸಿಮೆಂಟ್ ಹಾಕಿಸ್ಬಿಡ್ತೀನಿ. ಟೀಚರ್‌ಗಳು ಸ್ಕೂಟರ್ ನಿಲ್ಸೋಕೆ ಜಾಗ ಕೇಳ್ತಾನೇ ಇದ್ದಾರೆ."

ಸ್ಟೂಲಿನ ಮೇಲಿದ್ದ ಮೊಮ್ಮಗಳು ಅಜ್ಜಿಯನ್ನು ನೋಡಲಿಲ್ಲ. ಇಳಿದು ಒಳಗೆ ಹೋದಳು. ಅವಳ ಸಾಲು ಇನ್ನೂ ನೆಲದಲ್ಲೇ ಇತ್ತು.

ಅಂದಿನಿಂದ ಮಾತು ನಿಂತಿತು. ಬಡಿಸಿದರೆ ಉಂಡಳು, ಬಾಚಿದರೆ ಜಡೆ ಹಾಕಿಸಿಕೊಂಡಳು, ತುಟಿ ಮಾತ್ರ ಬಿಚ್ಚಲಿಲ್ಲ. ಅಂಗಡಿಯಲ್ಲಿ ಇಸ್ತ್ರಿ ಪೆಟ್ಟಿಗೆಯೊಂದೇ ಬುಸ್ ಅನ್ನುತ್ತಿತ್ತು.

"ಬೈಯ್ಯೋದಾದ್ರೂ ಬೈಯ್ಯೇ" ಅಂದಳು ಅಜ್ಜಿ. ಯಾವನದೋ ಅಂಗಿಯ ಕಾಲರ್ ತಿರುವಿದಳು. ಥೂ ಅನ್ನಲು ಬಾಯಿ ಬರಲಿಲ್ಲ. ಮೊದಲ ಸಲ ತನ್ನ ಬಾಯಿಯ ಮೇಲೇ ಆಕೆಗೆ ಹೇಸಿಗೆ ಬಂತು.

ಶನಿವಾರ ಡ್ರೈವರ್ ಮೂಲಂಗಿ ಕಿತ್ತು ಬಕೆಟ್ ನೀರಲ್ಲಿ ಅದ್ದಿ ತೆಗೆಯುತ್ತಿದ್ದ. ಎಲ್ಲದಕ್ಕೂ ಅದೇ ನೀರು, ಆಗಲೇ ಟೀ ಬಣ್ಣಕ್ಕೆ ತಿರುಗಿತ್ತು. ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ದೂರ ನಿಂತಿದ್ದರು. ಹೆಡ್ ಮಿಸ್ ಕೈ ಕಟ್ಟಿ ನಿಂತಿದ್ದರು. ಅಜ್ಜಿ ಮೊಮ್ಮಗಳ ಸಾಲಿನಿಂದ ಕಿತ್ತವುಗಳಲ್ಲಿ ಒಂದನ್ನು ಎತ್ತಿಕೊಂಡಳು. ತುದಿಯ ಕೂದಲಂಥ ಬೇರಿನಲ್ಲಿ ಮಣ್ಣು ಇನ್ನೂ ಅಂಟಿತ್ತು. ಒರೆಸಲು ಹೋದವಳು, ಎಲ್ಲರೂ ನೋಡುತ್ತಿದ್ದಾರೆ ಅಂತ ಬಿಟ್ಟಳು. ಕಣ್ಣು ಮುಚ್ಚಿ ಕಚ್ಚಿದಳು.

ಖಾರ, ಅದರ ಹಿಂದೆಯೇ ಮೋರಿಯಂಥ ವಾಸನೆ. ಹಲ್ಲಿನ ನಡುವೆ ಮರಳು ಕರ್ ಅಂದಿತು. ಎರೆಹುಳ ಕಣ್ಣಿಗೆ ಕಟ್ಟಿತು. ಅಭ್ಯಾಸದ ಬಾಯಿ, ತಡೆಯಲಾಗಲಿಲ್ಲ.

"ಥೂ!"

ಆದರೆ ಉಗುಳಲಿಲ್ಲ. ಅಗಿದಳು. ನುಂಗಿದಳು. ಕಣ್ಣಲ್ಲಿ ನೀರು. ಮತ್ತೆ ಕಚ್ಚಿದಳು. "ಥೂ!"

"ಏಯ್, ಥೂ ಅಂದ್ರು, ಆದ್ರೆ ಏನೂ ಬೀಳ್ಲಿಲ್ಲ!" ಮುಂದಿನ ಹಲ್ಲಿಲ್ಲದ ಒಬ್ಬ ಕೂಗಿದ. "ನಾನೂ ಮಾಡ್ತೀನಿ!" ಬಾಯಿಗೆ ತುಂಬಿಕೊಂಡು ಥೂ ಅಂದ. ಹಲ್ಲಿಲ್ಲದ ಸಂದಿಯಿಂದ ಅರ್ಧ ಹೊರಗೆ ಬಂತು.

"ಔಟ್! ಚೂರು ಬಿದ್ರೂ ಔಟ್. ಇನ್ನೊಂದು ತಿನ್ನು" ಅಂದ ಡ್ರೈವರ್.

ಆಮೇಲೆ ಹೇಳಬೇಕೆ? ಹಿತ್ತಲ ತುಂಬ ಥೂ ಥೂ. ಬಾಯಲ್ಲಿದ್ದದ್ದು ಬೀಳಬಾರದೆಂದರೆ ಅಗಿದು ನುಂಗಲೇಬೇಕು. ಮೂಲಂಗಿ ರಾಶಿ ಕರಗಿತು. ಎಂಜಲು ಹಾರಿ ಅಜ್ಜಿಯ ತೋಳಿಗೆ ಬಿತ್ತು. ಆಕೆ ಮುಖ ಸಿಂಡರಿಸಿ ಒರೆಸಿಕೊಂಡಳು.

"ಇದೇನಮ್ಮಾ, ಶಿಸ್ತು ಇಲ್ಲ, ಏನಿಲ್ಲ?" ಅಂದರು ಹೆಡ್ ಮಿಸ್.

"ತಿಂತಿದ್ದಾರಲ್ಲ ಮೇಡಂ."

ಅವರು ರಾಶಿ ಇದ್ದ ಜಾಗ ನೋಡಿದರು. "ಸರಿ, ಸ್ಕೂಟರ್ ಬೀದೀಲೇ ನಿಲ್ಲಲಿ" ಅಂದು ಒಳಗೆ ಹೋದರು.

ಮೊಮ್ಮಗಳು ತನ್ನ ಪಾಲಿನದನ್ನು ತಿಂದಿದ್ದಳು, ಥೂ ಅನ್ನದೆಯೇ. ಮನೆ ಕಡೆ ಹೊರಟಾಗಲೂ ಎರಡು ಹೆಜ್ಜೆ ಮುಂದೆ, ಬೆನ್ನು ತೋರಿಸಿಕೊಂಡೇ ನಡೆದಳು. ಅಜ್ಜಿಗೆ ಬಾಯಿ ತೊಳೆದು ಸಾಕಾಗಿತ್ತು, ವಾಸನೆ ಹೋಗಿರಲಿಲ್ಲ. ಔಷಧಿ ಅಂಗಡಿಯ ಮುಂದೆ, ಜನ ನಿಂತಿರುವ ಕಡೆಯೇ, ಹೊಟ್ಟೆಯ ತಳದಿಂದ ಒಂದು ತೇಗು ಎದ್ದಿತು. ತುಟಿ ಬಿಗಿದಳು, ಆದರೂ ಅದು ನಿಲ್ಲಲಿಲ್ಲ. ಗುಂಡಿಯ ತಗಡು ಸರಿಸಿದ ಹಾಗಾಯಿತು.

ಹುಡುಗಿ ಗಕ್ಕನೆ ನಿಂತಳು. ಮೂಗು ಹಿಡಿದು ತಿರುಗಿದಳು.

"ಥೂ, ಅಜ್ಜೀ!"

ಅಜ್ಜಿ ಉಸಿರು ಬಿಟ್ಟಳು. "ಇನ್ನೊಂದ್ಸಲ ಹೇಳು."

"ಥೂ! ಎಷ್ಟು ನಾತ! ಗೊತ್ತಾ, ಮುಂದೆ ಬೀಟ್ರೂಟ್ ಹಾಕ್ತಾರಂತೆ. ಅದಕ್ಕೆ ಗುಂಡಿ ಗೊಬ್ಬರ ಇನ್ನೂ ಜಾಸ್ತಿ ಬೇಕಂತೆ. ಡ್ರೈವರ್ ತಾತ ಒಬ್ರಿಗೇ ಆಗಲ್ಲ. ಅದಕ್ಕೇ ನೀನೂ ಕಲಸ್ತೀಯ ಅಂತ ಹೇಳಿ ಬಂದಿದ್ದೀನಿ..."